ಮೂಕವಾದ ಮೈಕು

ಬೆಳಗಿನ ಕಾರ್ಯಕ್ರಮಕ್ಕೆ ತುಸು ಮೊದಲೇ ಮಧ್ಯಮ ತರಂಗದಲ್ಲಿ ರೇಡಿಯೋ ತಿರುಗಿಸುವ ಅಭ್ಯಾಸ ನಿಮಗಿದ್ದರೆ ಒಂದು ಸಂಗತಿಯನ್ನು ಗಮನಿಸಿರುತ್ತೀರಿ. ಮೊದಲು ಸುಯ್ಯೆಂಬ ಸದ್ದಷ್ಟೇ ಇರುತ್ತದೆ. ನಿಲಯದವರು ಪ್ರೇಷಕಯಂತ್ರವನ್ನು ನಡೆಸಿದೊಡನೆ ಆ ಸದ್ದು ತಟ್ಟನೆ ಅಡಗಿ ಒಂದು ಬಗೆಯ ಮೌನ ಕವಿಯುತ್ತದೆ. ಮಾತನ್ನು ಹೊರಬೇಕಾದ ಅಲೆ ಬಂದಿದೆ, ಮಾತು ಇನ್ನೂ ಬಂದಿಲ್ಲ. ವಿಮಾನ ನಿಲ್ದಾಣದ ಗೋಪುರದಲ್ಲಿ ಕುಳಿತವರಿಗೂ ಒಮ್ಮೊಮ್ಮೆ ಇಂಥದೇ ಮೌನ ಕೇಳಿಸುವುದುಂಟು. ಮೇಲೆ ಯಾರೋ ಗುಂಡಿಯೊತ್ತಿ ಮಾತನಾಡುತ್ತಿದ್ದಾರೆ. ಮಾತು ಮಾತ್ರ ಕೆಳಗಿಳಿಯುತ್ತಿಲ್ಲ. ಹಳೆಯ ಹೆಡ್‌ಸೆಟ್ಟಿನಲ್ಲಾದರೆ ಇದಕ್ಕೆ ಕಾರಣ ಬಹಳ ಸಲ ಕೂದಲೆಳೆಯಂಥ ಒಂದು ತಂತಿ ತುಂಡಾಗಿರುವುದೇ.

ಸಣ್ಣ ವಿಮಾನಗಳ ಹೆಡ್‌ಸೆಟ್ಟಿಗೆ ಸಾಮಾನ್ಯವಾಗಿ ಎರಡು ಪ್ಲಗ್ಗುಗಳು. ಕಾಲು ಅಂಗುಲ ದಪ್ಪದ್ದು ಕಿವಿಗೆ, 0.206 ಅಂಗುಲದ ತೆಳ್ಳನೆಯದು ಮೈಕಿಗೆ. ಮೈಕಿನ ಪ್ಲಗ್ಗನ್ನು ಹಿಡಿದು ನೋಡಿದರೆ ತುದಿ, ಉಂಗುರ, ತೋಳು ಎಂದು ಮೂರು ಭಾಗಗಳು ಕಾಣುತ್ತವೆ. ತುದಿ ಸೇರುವುದು ಮಾತಿನ ಗುಂಡಿಗೆ, ಉಂಗುರದಲ್ಲಿ ಧ್ವನಿ, ತೋಳು ಇವೆರಡಕ್ಕೂ ಸಮಾನವಾದ ಹಿಂದಿರುಗುವ ದಾರಿ.

ಈ ಏರ್ಪಾಡು ಇಂಗಾಲದ ಮೈಕಿನ ಕಾಲದ್ದು. ಹಳೆಯ ಕಪ್ಪು ಟೆಲಿಫೋನಿನ ಬಾಯಿಯಲ್ಲಿ ಇದ್ದದ್ದೂ ಅದೇ: ತೆಳುಬಿಲ್ಲೆಯ ಹಿಂದೆ ಇಂಗಾಲದ ಹರಳುಗಳು, ಧ್ವನಿ ಒತ್ತಿದಂತೆ ಅವು ಬಿಗಿದು ಸಡಿಲಿ ವಿದ್ಯುತ್ತನ್ನು ಏರಿಳಿಸುತ್ತವೆ. ಆ ವಿದ್ಯುತ್ತು ಹೊರಗಿನಿಂದ ಬರಬೇಕಷ್ಟೆ; ವಿಮಾನದ ರೇಡಿಯೋ ಅದನ್ನು ಅದೇ ಉಂಗುರದ ತಂತಿಯಲ್ಲಿ, ಸುಮಾರು 8ರಿಂದ 16 ವೋಲ್ಟಿನಂತೆ ಕಳುಹಿಸುತ್ತದೆ. ಮುಂದೆ ಎಲೆಕ್ಟ್ರೆಟ್ ಮೈಕುಗಳು ಬಂದಾಗ ರೇಡಿಯೋಗಳನ್ನು ಬದಲಿಸದೆ, ಮೈಕಿನೊಳಗೇ ಪುಟ್ಟ ವರ್ಧಕವನ್ನಿರಿಸಿ, ಅದು ಇಂಗಾಲದ ಮೈಕಿನಂತೆಯೇ ವರ್ತಿಸುವಂತೆ ಮಾಡಿದರು. ಎಂಜಿನಿಯರುಗಳ ಈ ಮಿತವ್ಯಯ ನನಗೆ ಬಹು ಮೆಚ್ಚುಗೆ. ಸೈನ್ಯದ ಹಳೆಯ ಸಾಮಾನಿನ ಮಾತು ಬೇರೆ. ಅದರ ಒಂಟಿ ಪ್ಲಗ್ಗಿಗೆ ನಾಲ್ಕು ಸಂಪರ್ಕಗಳು. 5 ಓಮಿನ ಅದರ ಮೈಕು ವರ್ಧಕವಿಲ್ಲದೆ ಈ ರೇಡಿಯೋಗಳಿಗೆ ಒಗ್ಗದು.

ಬಿಚ್ಚುವ ಮೊದಲು ಅದೇ ಹೆಡ್‌ಸೆಟ್ಟನ್ನು ಪಕ್ಕದ ಆಸನದ ಜ್ಯಾಕಿಗೆ ಸಿಕ್ಕಿಸಿ ನೋಡಿ. ಅಲ್ಲಿ ಮಾತು ಬಂದರೆ ದೋಷ ವಿಮಾನದ್ದು. ಅಲ್ಲಿಯೂ ಮೂಕವಾಗಿದ್ದರೆ ಓಮ್‌ಮೀಟರನ್ನು ಕೈಗೆತ್ತಿಕೊಳ್ಳಿ. ಆದರೆ ಮೀಟರಿನ ಎರಡು ಕಡ್ಡಿಗಳನ್ನು ಉಂಗುರಕ್ಕೂ ತೋಳಿಗೂ ಮುಟ್ಟಿಸಿ, ಬಂದ ಅಂಕಿಯಿಂದ ತೀರ್ಪು ಕೊಡಬೇಡಿ. ನಡುವೆ ವರ್ಧಕವಿದ್ದರೆ ಕಡ್ಡಿಗಳನ್ನು ಅದಲುಬದಲು ಮಾಡಿದಾಗ ಅಂಕಿಯೂ ಬದಲಾಗುತ್ತದೆ. ಕಿವಿಯ ಬಟ್ಟಲನ್ನು ತೆರೆದು, ಪ್ಲಗ್ಗಿನಿಂದ ಅಲ್ಲಿಯವರೆಗೆ ಒಂದೊಂದೇ ತಂತಿಯನ್ನು ಪರೀಕ್ಷಿಸಬೇಕು. ಪರೀಕ್ಷಿಸುವಾಗ ಹಗ್ಗವನ್ನು ಬಳುಕಿಸುತ್ತಿರಿ. ತುಂಡಾದ ತಂತಿಯೂ ಸುಮ್ಮನೆ ಮಲಗಿದ್ದಾಗ ತುದಿಗೆ ತುದಿ ತಾಗಿಸಿಕೊಂಡು ಸಭ್ಯನಂತೆ ನಟಿಸುತ್ತದೆ. ಸಾಮಾನ್ಯವಾಗಿ ಅದು ಮುರಿಯುವುದು ಪ್ಲಗ್ಗಿನ ಕತ್ತಿನಲ್ಲಿ, ಬಟ್ಟಲಿನ ಬಾಗಿಲಲ್ಲಿ, ಇಲ್ಲವೆ ಮೈಕಿನ ತೋಳು ತಿರುಗುವ ಕೀಲಿನಲ್ಲಿ. ತೋಳನ್ನು ಒಂದೇ ದಿಕ್ಕಿಗೆ ಸುತ್ತಿಸುತ್ತ ಹೋದರೆ ಒಳಗಿನ ತಂತಿ ಹುರಿಯಾಗಿ ಕೊನೆಗೆ ಕಡಿಯುತ್ತದೆ.

ಬೆಸುಗೆಯಲ್ಲಿ ತಾಳ್ಮೆ ಬೇಕು. ಕೆಲವು ಹಗ್ಗಗಳಲ್ಲಿ ನೂಲಿನ ಎಳೆಗೆ ತಾಮ್ರದ ತೆಳುತಗಡನ್ನು ಸುತ್ತಿದ ಜರಿಯಂಥ ತಂತಿಯಿರುತ್ತದೆ. ಬಾಗುವುದಕ್ಕೆ ಬಲು ಒಳ್ಳೆಯದು, ಬೆಸುಗೆಗೆ ಬಲು ಮೊಂಡು; ಕಾವು ಹೆಚ್ಚಾದರೆ ನೂಲು ಸುಟ್ಟೇ ಹೋಯಿತು. ಸಣ್ಣ ಬರಿ ತಾಮ್ರದ ತಂತಿಯನ್ನು ಅದರ ಮೇಲೆ ಬಿಗಿಯಾಗಿ ಸುತ್ತಿ, ರಾಳವಿರುವ ಬೆಸುಗೆಯನ್ನು ಕ್ಷಣಮಾತ್ರ ತಾಗಿಸಿ. ಆಮ್ಲದ ಲೇಪ ಮಾತ್ರ ಕೂಡದು. ತಗಡು ಕೆಲಸದವರಿಗೆ ಅದು ಸರಿ, ಇಲ್ಲಿ ತಂತಿಯನ್ನು ತಿಂದುಹಾಕುತ್ತದೆ. ಪ್ಲಗ್ಗಿನ ಚಿಪ್ಪನ್ನೂ ನಿರೋಧಕ ಕೊಳವೆಯನ್ನೂ ಬೆಸುಗೆಗೆ ಮೊದಲೇ ಹಗ್ಗಕ್ಕೆ ಪೋಣಿಸಿರಬೇಕು. ಇದನ್ನು ಮರೆತು ಎರಡು ಬಾರಿ ಬೆಸುಗೆ ಹಾಕದ ರಿಪೇರಿಗಾರ ಊರಿಗೊಬ್ಬನಿದ್ದರೆ ಹೆಚ್ಚು. ಹಗ್ಗದ ಎಳೆತವೆಲ್ಲ ಹಿಡಿಕೆಯ ಮೇಲೆ ಬೀಳಬೇಕೇ ಹೊರತು ಬೆಸುಗೆಯ ಮೇಲಲ್ಲ.

ಮೈಕಿನ ಭೂತಂತಿಯನ್ನು ಕಿವಿಯ ಭೂತಂತಿಯೊಡನೆ ಸೇರಿಸಿ ಒಂದು ತಂತಿ ಉಳಿಸುವ ಆಸೆ ಕೆಲವರಿಗೆ. ವಿಮಾನದಲ್ಲಿ ಮೈಕಿನ ಜ್ಯಾಕನ್ನು ನಿರೋಧಕ ಬಿಲ್ಲೆಯಿಟ್ಟು ಲೋಹದ ಒಡಲಿನಿಂದ ಬೇರ್ಪಡಿಸಿರುವುದು ಸುಮ್ಮನೆಯಲ್ಲ. ಇವೆರಡು ಕೂಡಿದರೆ ಎಂಜಿನಿನ ವೇಗದೊಡನೆ ಏರಿಳಿಯುವ ಕೊರಗು ಮಾತಿನೊಳಗೆ ನುಸುಳೀತು.

ಇನ್ನೊಂದು ಅಪಾಯ ಮೌನಕ್ಕಿಂತಲೂ ಕೆಟ್ಟದ್ದು. ಬೆಸುಗೆಯ ಒಂದು ಹನಿ ಪ್ಲಗ್ಗಿನೊಳಗೆ ತುದಿಯನ್ನೂ ತೋಳನ್ನೂ ಕೂಡಿಸಿದರೆ, ಗುಂಡಿಯೊತ್ತದೆಯೂ ರೇಡಿಯೋ ಸತತವಾಗಿ ಪ್ರಸಾರ ಮಾಡುತ್ತದೆ. ಆಗ ಆ ವಿಮಾನಕ್ಕೆ ಏನೂ ಕೇಳಿಸದು. ಆ ತರಂಗದಲ್ಲಿ ಉಳಿದವರ ಮಾತೂ ಕೆಡುತ್ತದೆ. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ಓಡುದಾರಿಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಅಲ್ಲಿ ತಂತಿಯ ದೋಷವಿರಲಿಲ್ಲ. ಗೋಪುರವೂ ಒಂದು ವಿಮಾನವೂ ಒಂದೇ ಕ್ಷಣದಲ್ಲಿ ಮಾತನಾಡಿದ್ದರಿಂದ, ‘ನಾವಿನ್ನೂ ದಾರಿಯ ಮೇಲಿದ್ದೇವೆ’ ಎಂಬ ಅರ್ಥದ ಮಾತು ಕೀರಲು ಸದ್ದಿನಲ್ಲಿ ಮುಳುಗಿತು. ಹಲವು ಕಾರಣಗಳಲ್ಲಿ ಅದೂ ಒಂದಾಯಿತು. ಆದ್ದರಿಂದ ಪ್ಲಗ್ಗಿನ ಚಿಪ್ಪನ್ನು ಮುಚ್ಚುವ ಮೊದಲು ತುದಿಗೂ ತೋಳಿಗೂ ನಡುವೆ ಮೀಟರಿಟ್ಟು ಇನ್ನೊಮ್ಮೆ ನೋಡಿ.

ಮೈಕನ್ನು ಮತ್ತೆ ಕೂರಿಸುವಾಗ ಮಾತಿನ ಮುಖ ತುಟಿಯ ಕಡೆಗಿರಲಿ, ತುಟಿಗೂ ಅದಕ್ಕೂ ಕಾಲು ಅಂಗುಲಕ್ಕಿಂತ ಹೆಚ್ಚು ಅಂತರ ಬೇಡ. ಎಂಜಿನಿನ ಗದ್ದಲ ಎರಡು ಬದಿಯಿಂದಲೂ ನುಗ್ಗಿ ತನ್ನನ್ನು ತಾನೇ ಅಳಿಸಿಕೊಳ್ಳುವಂತೆ ಈ ಮೈಕುಗಳನ್ನು ರಚಿಸಿರುತ್ತಾರೆ. ತಿರುಗುಮುರುಗಾಗಿ ಕೂತರೆ ಮಾತೇ ಮಂಕಾಗುತ್ತದೆ. ಆಮೇಲೆ, ನೆಲದ ಮೇಲಿರುವಾಗಲೇ, ಗೋಪುರವನ್ನು ಕರೆದು ಕೇಳುವುದು. ಅವರು 1ರಿಂದ 5ರವರೆಗಿನ ಅಂಕದಲ್ಲಿ ಉತ್ತರಿಸುತ್ತಾರೆ. 5 ಎಂದರೆ ಹೊರಡಬಹುದು. 3 ಎಂದರೆ ಬಟ್ಟಲನ್ನು ಮತ್ತೆ ಬಿಚ್ಚಿ.