ಮಲ್ಲಿಗೆಯಿಂದ ಶಿಲಾಲತೆಗೆ
(ಗಂಡಸಿಯಲ್ಲಿ ಮಾಡಿದ ಭಾಷಣದ ಸಾರ)



ನವ್ಯಕಾವ್ಯ ಎಂದೊಡನೆ ‘ಅರ್ಥವಾಗದ ಪದ್ಯ’ ಎಂದು ಹೆದರುವವರುಂಟು. ಆದ್ದರಿಂದ ಎಲ್ಲರಿಗೂ ಪರಿಚಿತರಾದ ಕವಿಯೊಬ್ಬರಿಂದಲೇ ಆರಂಭಿಸುತ್ತೇನೆ.

ಕೆ.ಎಸ್. ನರಸಿಂಹಸ್ವಾಮಿ ಪಕ್ಕದ ಮಂಡ್ಯ ಜಿಲ್ಲೆಯ ಕಿಕ್ಕೇರಿಯವರು. 1942ರ ‘ಮೈಸೂರ ಮಲ್ಲಿಗೆ’ಯಲ್ಲಿ ಹಳ್ಳಿಯ ದಾಂಪತ್ಯವಿದೆ, ಮಾವನ ಮನೆ, ತೌರು, ಬಳೆಗಾರ ಎಲ್ಲ ಇದ್ದಾರೆ. ನವ್ಯದ ಗಾಳಿ ಸೋಕಿದ ಮೇಲೆ, 1958ರಲ್ಲಿ ಬಂದ ಸಂಕಲನ ‘ಶಿಲಾಲತೆ’. ಅದರಲ್ಲೊಂದು ಕವಿತೆ ‘ಗಡಿಯಾರದಂಗಡಿಯ ಮುಂದೆ’. ನಡುವಿನ ವರ್ಷಗಳಲ್ಲಿ ಸ್ವಾತಂತ್ರ್ಯ ಬಂದಿತ್ತು, 1956ರಲ್ಲಿ ಕನ್ನಡನಾಡು ಒಂದಾಗಿತ್ತು, ಹಳ್ಳಿಯ ಹುಡುಗರು ನೌಕರಿಗೆಂದು ಪಟ್ಟಣ ಸೇರಿದ್ದರು. ನೆರಳು ನೋಡಿ ಹೊತ್ತು ತಿಳಿಯುತ್ತಿದ್ದವರು ಗಡಿಯಾರಕ್ಕೆ ಓಗೊಡಬೇಕಾಯಿತು. ಆ ಬದುಕನ್ನು ಹೇಳಲು ಮಲ್ಲಿಗೆಯೊಂದೇ ಸಾಲದಾಯಿತು.

‘ಶಿಲಾಲತೆ’ ಎಂಬ ಮಾತನ್ನೇ ನೋಡಿ. ಬೇಲೂರು, ಹಳೇಬೀಡುಗಳ ಗುಡಿಗಳಲ್ಲಿ ಕಲ್ಲಿನ ಬಳ್ಳಿಯನ್ನು ಕಂಡವರು ನಾವು. ಬಳ್ಳಿಯ ಬಳುಕೂ ಇದೆ, ಬೆಳೆಯಲಾರದ ಕಲ್ಲೂ ಇದೆ. ಬಿಡಿಸಿ ಹೇಳಲಾಗದ ಇಂಥ ಇಕ್ಕಟ್ಟನ್ನು ಒಂದೇ ಚಿತ್ರದಲ್ಲಿ ಕಣ್ಣಮುಂದಿಡುವುದೇ ನವ್ಯರ ಪ್ರತಿಮೆಯ ಕೆಲಸ. ಗೋಪಾಲಕೃಷ್ಣ ಅಡಿಗರ ‘ಭೂಮಿಗೀತ’ದಲ್ಲಿ (1959) ತಾಯಿಯೆಂದು ಪೂಜೆಗೊಂಡ ನೆಲವೇ ಮಗನಿಗೆ ಪ್ರಶ್ನೆಯಾಗುವುದೂ ಹೀಗೆಯೇ.

ಇಂದು ನಮ್ಮ ಸುತ್ತ ಒಣಗಿದ ತೆಂಗಿನ ಮರಗಳಿವೆ. ಮಕ್ಕಳು ಬೆಂಗಳೂರು ಸೇರಿ ಬೀಗ ಬಿದ್ದ ಮನೆಗಳಿವೆ. ಇಲ್ಲಿನ ಎಳೆಯ ಕವಿ ಇವನ್ನು ಬಿಟ್ಟು ಬೆಳದಿಂಗಳನ್ನೇ ಬರೆಯುತ್ತ ಕೂತರೆ ಆ ಪದ್ಯ ಎಲ್ಲರಿಗೂ ಅರ್ಥವಾದೀತು, ಆದರೆ ನಮ್ಮದಾಗಲಾರದು.