ಆ ನೀರಿಗೆ ಗಂಡು-ಹೆಣ್ಣೆಂಬ ಭೇದವಿಲ್ಲ



ಕ್ರೈಸ್ತರ ದೀಕ್ಷಾಸ್ನಾನವೆಂದರೆ ಮಗುವಿಗೆ ಹೆಸರಿಡುವ ಶಾಸ್ತ್ರ ಎಂದು ನಮ್ಮಲ್ಲಿ ಅನೇಕರು ತಿಳಿದಿರುತ್ತೇವೆ. ಅದರ ಅರ್ಥ ಇನ್ನೂ ದೊಡ್ಡದು. ಜ್ಞಾನಸ್ನಾನ ಎಂಬ ಹೆಸರೂ ಇದಕ್ಕಿದೆ. ಮೂಲ ಗ್ರೀಕ್ ಪದಕ್ಕೆ ‘ಮುಳುಗಿಸು’ ಎಂದರ್ಥ. ಯೊರ್ದನ್ ನದಿಯಲ್ಲಿ ಯೋಹಾನನು ಪಶ್ಚಾತ್ತಾಪಪಟ್ಟವರಿಗೆ ಸ್ನಾನ ಮಾಡಿಸುತ್ತಿದ್ದ. ಯೇಸುಸ್ವಾಮಿಯೂ ಅವನ ಕೈಯಿಂದಲೇ ಸ್ನಾನ ಪಡೆದರು. ದೀಕ್ಷಾಸ್ನಾನ ಪಡೆಯುವುದೆಂದರೆ ಕ್ರಿಸ್ತನೊಡನೆ ಸತ್ತು, ಹೊಸ ಬದುಕಿಗೆ ಏಳುವುದು ಎಂದು ಸಂತ ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲಿ ವಿವರಿಸಿದ್ದಾನೆ.

ಹೆಣ್ಣುಮಕ್ಕಳಾದ ನಾವು ಗಮನಿಸಬೇಕಾದ ಸಂಗತಿ ಒಂದಿದೆ. ಯೆಹೂದ್ಯರಲ್ಲಿ ದೇವರೊಡನೆ ಮಾಡಿಕೊಂಡ ಒಡಂಬಡಿಕೆಯ ಗುರುತು ಸುನ್ನತಿ. ಅದು ಗಂಡುಮಕ್ಕಳಿಗೆ ಮಾತ್ರ. ಕ್ರೈಸ್ತರ ಗುರುತಾದ ನೀರು ಇಬ್ಬರಿಗೂ ಒಂದೇ. ಸ್ನಾನ ಪಡೆದವರಲ್ಲಿ ಗಂಡು-ಹೆಣ್ಣು, ಒಡೆಯ-ಆಳು ಎಂಬ ಭೇದವಿಲ್ಲವೆಂದು ಪೌಲ ಗಲಾತ್ಯದವರಿಗೆ ಬರೆದ.

ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯದಲ್ಲಿ ಲುದ್ಯ ಎಂಬಾಕೆ ಬರುತ್ತಾಳೆ. ನೇರಳೆ ಬಣ್ಣದ ಬೆಲೆಬಾಳುವ ಬಟ್ಟೆಯ ವ್ಯಾಪಾರ ಅವಳದು. ಫಿಲಿಪ್ಪಿ ಪಟ್ಟಣದ ಹೊರಗೆ, ನದಿಯ ದಡದಲ್ಲಿ ಸೇರಿದ್ದ ಹೆಂಗಸರ ಜೊತೆ ಕುಳಿತು ಪೌಲನ ಮಾತು ಕೇಳಿದಳು, ಮನೆಯವರೆಲ್ಲರೊಡನೆ ದೀಕ್ಷಾಸ್ನಾನ ಪಡೆದಳು. ಅನಂತರ ಪೌಲನನ್ನೂ ಸಂಗಡಿಗರನ್ನೂ ಒತ್ತಾಯಮಾಡಿ ತನ್ನ ಮನೆಯಲ್ಲೇ ಉಳಿಸಿಕೊಂಡಳು. ಅವಳ ಗಂಡನ ಪ್ರಸ್ತಾಪವೇ ಅಲ್ಲಿಲ್ಲ.

ಈ ಸ್ನಾನ ಮಾಡಿಸುವ ಹಕ್ಕೂ ಹೆಣ್ಣಿಗಿದೆ. ಶಿಶುವಿನ ಪ್ರಾಣ ಹೋಗುವಂತಿದ್ದು ಪಾದ್ರಿ ಹತ್ತಿರವಿಲ್ಲದಿದ್ದರೆ ಹೆಂಗಸೂ ದೀಕ್ಷೆ ಕೊಡಬಹುದೆಂದು ಕ್ಯಾಥೊಲಿಕ್ ಸಭೆಯ ಫ್ಲಾರೆನ್ಸ್ ಮಹಾಸಭೆ 1439ರಲ್ಲಿ ಹೇಳಿತು. ಎಷ್ಟೋ ಸೂಲಗಿತ್ತಿಯರು ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ಹಸುಗೂಸಿನ ತಲೆಯ ಮೇಲೆ ನೀರು ಹೊಯ್ದಿದ್ದಾರೆ.

ಭಿನ್ನಾಭಿಪ್ರಾಯಗಳೂ ಇವೆ. ಕ್ಯಾಥೊಲಿಕ್ ಮತ್ತು ಸಿ.ಎಸ್.ಐ. ಸಭೆಗಳಲ್ಲಿ ಶಿಶುಗಳಿಗೂ ದೀಕ್ಷೆ ಉಂಟು. ಬ್ಯಾಪ್ಟಿಸ್ಟರು, ಪೆಂಟಕೊಸ್ತರು ತಿಳಿವಳಿಕೆ ಬಂದು ತಾವಾಗಿ ನಂಬಿದ ಮೇಲೆಯೇ ಎನ್ನುತ್ತಾರೆ. ನೀರಿನಲ್ಲಿ ಸಿಕ್ಕ ಸಮಾನತೆ ಪೂಜಾಪೀಠದವರೆಗೆ ಎಲ್ಲ ಕಡೆ ತಲುಪಿಲ್ಲ. ಸಿ.ಎಸ್.ಐ.ಯಲ್ಲಿ ಸ್ತ್ರೀಯರು ಸಭಾಪಾಲಕರಾಗಿದ್ದಾರೆ. ಕ್ಯಾಥೊಲಿಕ್ ಸಭೆಯಲ್ಲಿ ಸ್ತ್ರೀಗೆ ಗುರುದೀಕ್ಷೆ ಇಲ್ಲ. ಒಂದೇ ನೀರಿನಿಂದ ಎದ್ದವರಿಗೆ ಒಂದೇ ಸ್ಥಾನ ಏಕಿಲ್ಲ ಎಂದು ಅಲ್ಲಿನ ಸೋದರಿಯರು ಕೇಳುತ್ತಿದ್ದಾರೆ.

ಗಂಡಸರಿಗೆ ಮಾತ್ರ ಎಂದಿಟ್ಟ ಶಾಸ್ತ್ರಗಳು ನಮ್ಮ ಮನೆಗಳಲ್ಲೂ ಉಂಟು. ಹಾಗಾಗಿ ಆ ಪ್ರಶ್ನೆ ನಮಗೂ ಹೊಸದಲ್ಲ.