ಕಡಲಿಗೆ ಉಸಿರು ಕಟ್ಟಿದಾಗ

2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯಲ್ಲಿ 3 ಕಿಲೋಮೀಟರ್ ಆಳಕ್ಕೂ ಮೇಲಿನಿಂದ ಗಾಳಿ ಕಳಿಸುತ್ತಿದ್ದರು. ಕಾರವಾರ, ಗೋವಾ ತೀರದ ಕಡಲತಳಕ್ಕೆ ಮುಂಗಾರಿನಲ್ಲಿ ಗಾಳಿ ತಲುಪುವುದು ಕಷ್ಟ. ಏಕೆ?

ಆಮ್ಲಜನಕ ಕಡಿಮೆಯಿರುವ ಆಳದ ನೀರು ಆಗ ತೀರದತ್ತ ಏರಿಬರುತ್ತದೆ. ಮೇಲೆ ಮಳೆಯ ಸಿಹಿನೀರು ಮುಚ್ಚಳದಂತೆ ಹರಡುತ್ತದೆ. ಸತ್ತ ಪ್ಲವಕಗಳನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಇದ್ದ ಆಮ್ಲಜನಕವನ್ನು ಮುಗಿಸಿ, ಬಳಿಕ ನೈಟ್ರೇಟಿನಲ್ಲಿರುವುದನ್ನು ಬಳಸುತ್ತವೆ. ಉಳಿದ ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ. ಬಂಗಾರಪೇಟೆಯ ಗದ್ದೆಯಲ್ಲಿ ನೀರು ನಿಂತಾಗ ಯೂರಿಯಾದ ಒಂದು ಪಾಲು ನಷ್ಟವಾಗುವುದೂ ಹೀಗೆಯೇ.

ಜೊತೆಗೆ ನೈಟ್ರಸ್ ಆಕ್ಸೈಡ್ ಹೊರಬೀಳುತ್ತದೆ. ಭೂಮಿಯನ್ನು ಬಿಸಿಮಾಡುವುದರಲ್ಲಿ ಅದು, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಪ್ರಬಲ. ಹೊಲಗಳಿಂದ ಹರಿದುಬರುವ ಗೊಬ್ಬರ ಕಡಲಿನ ಈ ಉಸಿರುಗಟ್ಟನ್ನು ಹೆಚ್ಚಿಸುತ್ತಿರಬಹುದೆಂದು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2000ದಲ್ಲೇ ಎಚ್ಚರಿಸಿದರು. ಗೊಬ್ಬರಕ್ಕೂ ಅಳತೆಯಿರಲಿ ಎಂದು ಮನೆಯಲ್ಲಿ ಹೇಳುವಿರಲ್ಲವೇ?